ರೊಮೇನಿಯಾ: ಹಸಿವು ಸಾಲದ್ದಲ್ಲ, ಹಟದ್ದು

ಮಾನ್ಯರೇ,

1980ರ ದಶಕದ ರೊಮೇನಿಯಾ ಕುರಿತು ಕಳೆದ ವಾರ ನಿಮ್ಮಲ್ಲಿ ಬಂದ ಲೇಖನ, ಅಲ್ಲಿನ ಹಸಿವು, ಕತ್ತಲೆಗಳಿಗೆಲ್ಲ ಪಾಶ್ಚಾತ್ಯ ಬ್ಯಾಂಕುಗಳ ಸಾಲವೇ ಕಾರಣ ಎಂದಿದೆ. ಸಾಲವಿದ್ದದ್ದು ನಿಜ. ನೆಲದಡಿ ಸಿಗುವ ಕಚ್ಚಾ ತೈಲಕ್ಕೆ ಮೀರಿದ ಸಂಸ್ಕರಣಾಗಾರಗಳನ್ನು ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯ್ ಚೌಶೆಸ್ಕು ಅವರ ಸರ್ಕಾರ ಸಾಲದ ದುಡ್ಡಿನಲ್ಲಿ ಕಟ್ಟಿತು. 1979ರ ಇರಾನ್ ಕ್ರಾಂತಿಯ ನಂತರ ಹೊರಗಿನ ತೈಲ ದುಬಾರಿಯಾಯಿತು. 1981ರ ಹೊತ್ತಿಗೆ ಬಾಕಿ ಸುಮಾರು 1,000 ಕೋಟಿ ಡಾಲರ್. ಆದರೆ ಪೋಲೆಂಡ್‌ನ ಸಾಲ ಇದರ ಎರಡು ಪಟ್ಟಿಗೂ ಹೆಚ್ಚಿತ್ತು. ಎರಡೂ ದೇಶಗಳು ಕಂತು ಮುಂದೂಡಿಸಿಕೊಂಡವು. ಅವಧಿಗೆ ಮೊದಲೇ ಪೂರ್ತಿ ತೀರಿಸುವ ಹಟಕ್ಕೆ ಬಿದ್ದವರು ಚೌಶೆಸ್ಕು ಒಬ್ಬರೇ.

ತೀರಿಸಿದ್ದು ಜನರ ತಟ್ಟೆಯಿಂದ. ಒಳ್ಳೆಯ ಮಾಂಸ ರಫ್ತಾಗಿ ಅಂಗಡಿಗೆ ಉಳಿಯುತ್ತಿದ್ದದ್ದು ಹಂದಿಯ ಕಾಲು. ಜನ ಅದನ್ನು 'ಅಡಿಡಾಸ್' ಎಂದು ಕರೆದು ನಗುತ್ತಿದ್ದರು. ಹಲವೆಡೆ ಬ್ರೆಡ್ ತಲೆಗೆ ದಿನಕ್ಕೆ 300 ಗ್ರಾಂ. ಸಕ್ಕರೆ, ಎಣ್ಣೆಗೂ ತಿಂಗಳ ಪಡಿ. ಅದೂ ಜಿಲ್ಲೆಗೊಂದು ಲೆಕ್ಕ. ಒಂದು ತಿಂಗಳಿಗಿಂತ ಹೆಚ್ಚಿನ ದಿನಸಿ ಕೂಡಿಟ್ಟರೆ 6 ತಿಂಗಳಿಂದ 5 ವರ್ಷ ಜೈಲು ಎಂದು 1981ರಲ್ಲೇ ಆಜ್ಞೆ ಹೊರಟಿತು. ಜನ ಅತಿಯಾಗಿ ತಿನ್ನುತ್ತಿದ್ದಾರೆ ಎಂದು ಸರ್ಕಾರವೇ 'ವೈಜ್ಞಾನಿಕ ಆಹಾರ' ಯೋಜನೆ ತಂದದ್ದನ್ನು ಏನೆನ್ನೋಣ!

ಚಳಿಯ ಕಥೆ ಇನ್ನೂ ಕೆಟ್ಟದ್ದು. ನಗರದ ವಸತಿ ಕಟ್ಟಡಗಳಿಗೆ ದೂರದ ಸ್ಥಾವರದಿಂದ ಕೊಳವೆಯಲ್ಲಿ ಬಿಸಿನೀರು ಬಂದರೆ ಮಾತ್ರ ಕೋಣೆ ಬೆಚ್ಚಗಾಗುತ್ತಿತ್ತು. ಅಲ್ಲಿ ಇಂಧನ ಕಡಿತವಾದರೆ ಮನೆಯವರು ಮಾಡುವಂಥದ್ದೇನೂ ಇರಲಿಲ್ಲ. ಕೋಟು ಹಾಕಿಕೊಂಡೇ ಮಲಗಬೇಕು. ಕೊಳವೆ ಅನಿಲದ ಒತ್ತಡ ಹಗಲು ಕುಸಿಯುತ್ತಿದ್ದರಿಂದ ಅಡುಗೆ ನಡುರಾತ್ರಿಗೆ. ಅಪಾಯವಿದ್ದದ್ದೂ ಇಲ್ಲೇ: ಪೂರೈಕೆ ನಿಂತಾಗ ಉರಿ ಆರುತ್ತದೆ, ಮನೆಯವರು ನಿದ್ದೆಯಲ್ಲಿರುವಾಗ ಅನಿಲ ಮತ್ತೆ ಹರಿದು ಕೋಣೆ ತುಂಬುತ್ತದೆ. ಹೀಗೆ ಸತ್ತವರಿದ್ದಾರೆ. ಟಿ.ವಿ. ವಾರದ ದಿನಗಳಲ್ಲಿ ಎರಡು ಗಂಟೆ, ಅದರಲ್ಲೂ ನಾಯಕರ ಗುಣಗಾನ. 1983ರಿಂದ ಟೈಪ್‌ರೈಟರ್‌ಗಳನ್ನೂ ಪೊಲೀಸರಲ್ಲಿ ನೋಂದಾಯಿಸಿ, ಅಕ್ಷರಗಳ ಮಾದರಿ ಒಪ್ಪಿಸಬೇಕಿತ್ತು. ಕರಪತ್ರ ಸಿಕ್ಕರೆ ಯಾವ ಯಂತ್ರದ್ದೆಂದು ಪತ್ತೆ ಹಚ್ಚಲು.

ಪೋಲೆಂಡ್‌ನಲ್ಲಿ 1980ರಲ್ಲಿ ಮಾಂಸದ ಬೆಲೆ ಏರಿಸಿದ್ದಕ್ಕೇ ಮುಷ್ಕರ ಹಬ್ಬಿ ಸ್ವತಂತ್ರ ಕಾರ್ಮಿಕ ಸಂಘ ಹುಟ್ಟಿತು. ರೊಮೇನಿಯಾದಲ್ಲಿ ಯಾಕಾಗಲಿಲ್ಲ? ಉತ್ತರ 1940ರ ದಶಕದಲ್ಲಿದೆ. 1944ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷಕ್ಕಿದ್ದ ಸದಸ್ಯರು ಸುಮಾರು ಒಂದು ಸಾವಿರ. ಅದು ಗದ್ದುಗೆ ಏರಿದ್ದು ಸೋವಿಯತ್ ಸೇನೆಯ ಬಲದಿಂದ: 1945ರ ಮಾರ್ಚ್‌ನಲ್ಲಿ ಕಮ್ಯುನಿಸ್ಟರ ಹಿಡಿತದಲ್ಲಿದ್ದ ಪೆತ್ರು ಗ್ರೋಜಾ ಸರ್ಕಾರ, 1946ರಲ್ಲಿ ತಿರುಚಿದ ಚುನಾವಣೆ, 1947ರ ಡಿಸೆಂಬರ್ 30ರಂದು ದೊರೆ ಮಿಹಾಯ್ ಅವರ ಬಲವಂತದ ಪದತ್ಯಾಗ. ಮರುವರ್ಷ ಕಾರ್ಖಾನೆಗಳ ರಾಷ್ಟ್ರೀಕರಣ, ಗುಪ್ತ ಪೊಲೀಸ್ ಸೆಕ್ಯುರಿತಾತೆಯ ಸ್ಥಾಪನೆ. ಕೆಲಸ, ಮನೆ, ಪಡಿ ಎಲ್ಲವೂ ಒಂದೇ ಕೈಯಲ್ಲಿ ಸೇರಿದ ಮೇಲೆ ದನಿ ಎತ್ತುವವರಾರು? 1977ರಲ್ಲಿ ಜಿಯು ಕಣಿವೆಯ ಗಣಿ ಕಾರ್ಮಿಕರು ಎತ್ತಿದರು. ಚೌಶೆಸ್ಕು ಖುದ್ದಾಗಿ ಹೋಗಿ ಭರವಸೆ ಕೊಟ್ಟರು. ಆಮೇಲೆ ಮುಂದಾಳುಗಳನ್ನು ಬೇರೆ ಬೇರೆ ಊರುಗಳಿಗೆ ಚೆದುರಿಸಲಾಯಿತು.

ಲೇಖಕರು ಗಮನಿಸದ ಇನ್ನೊಂದು ಸಂಗತಿಯಿದೆ. ಸಾಲ ತೀರಿತೆಂದು 1989ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಆದರೂ ಪಡಿ ಪದ್ಧತಿ ಹೋಗಲಿಲ್ಲ, ಬುಖಾರೆಸ್ಟ್‌ನ ಬೃಹತ್ ಅರಮನೆಯ ಕೆಲಸವೂ ನಿಲ್ಲಲಿಲ್ಲ. ಆಹಾರದ ರಫ್ತಿಗೆ ತಡೆ ಬಿದ್ದದ್ದು ಡಿಸೆಂಬರ್‌ನಲ್ಲಿ ಚೌಶೆಸ್ಕು ಉರುಳಿದ ಮೇಲೆ.

—ಇತಿಹಾಸ ಉಪನ್ಯಾಸಕ, ಧಾರವಾಡ