ನೀರಿನ ಯೋಜನೆಯ ಲೆಕ್ಕ ಓಣಿಯಲ್ಲಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ 24×7, ಅಂದರೆ ದಿನವಿಡೀ ನೀರು ಕೊಡುವ ಯೋಜನೆ ಎಲ್ಲಿಗೆ ಬಂತು ಎಂಬ ಸುದ್ದಿಯನ್ನು ಆಗಾಗ ಓದುತ್ತೇನೆ. ಇಷ್ಟು ಕಿಲೋಮೀಟರ್ ಪೈಪ್ ಹಾಕಿದ್ದೇವೆ, ಇಷ್ಟು ಮೀಟರ್ ಕೂರಿಸಿದ್ದೇವೆ ಎಂಬ ಅಂಕಿಗಳೇ ಜಾಸ್ತಿ. ಸರ್ಕಾರ ಮತ್ತು ಖಾಸಗಿ ಕಂಪನಿ ಸೇರಿ ಮಾಡುವ ಕೆಲಸವನ್ನು ಅಳೆಯಲು ಇಷ್ಟು ಸಾಲದು. ಹುಬ್ಬಳ್ಳಿಯಲ್ಲಿ ಸಣ್ಣ ಖಾನಾವಳಿ ನಡೆಸುವವಳು ನಾನು. ನೀರಿನ ಲಾಭ-ನಷ್ಟ ನನಗೆ ಕಾಣುವುದು ಅಡುಗೆಮನೆಯಲ್ಲಿ.

ನಮ್ಮಲ್ಲಿ ರೊಟ್ಟಿ ಬಡಿಯಲು ಸುತ್ತಲಿನ ಓಣಿಗಳಿಂದ ಹೆಣ್ಣುಮಕ್ಕಳು ಬರುತ್ತಾರೆ. ಕೂಲಿ ರೊಟ್ಟಿ ಲೆಕ್ಕದಲ್ಲಿ. ಎಷ್ಟು ಬಡಿದರೋ ಅಷ್ಟು ದುಡ್ಡು. ಅವರ ಓಣಿಯಲ್ಲಿ ನಳ ಬಿಡುವ ದಿನ ಅವರು ತಡವಾಗಿ ಬರುತ್ತಾರೆ. ಕೆಲವೊಮ್ಮೆ ಬರುವುದೇ ಇಲ್ಲ. ಮತ್ತೆ ಸರತಿ ಬರುವವರೆಗೆ ಸಾಕಾಗುವಷ್ಟು ನೀರು ಹಿಡಿಯದೆ ಮನೆ ಬಿಡುವುದು ಹೇಗೆ? ಬ್ಯಾರಲ್, ಕೊಡ, ಬಕೆಟ್ ಎಲ್ಲ ತುಂಬಬೇಕು. ನೀರು ನಸುಕಿನಲ್ಲಿ ಬರುತ್ತದೋ ಮಧ್ಯಾಹ್ನ ಬರುತ್ತದೋ ಗೊತ್ತಿಲ್ಲದಿದ್ದರೆ ಇಡೀ ದಿನ ನಳದ ಮುಂದೆಯೇ ಹೋಯಿತು. ಆ ದಿನದ ಕೂಲಿಯೂ ಹೋಯಿತು. ಈ ಹೆಣ್ಣುಮಕ್ಕಳ ನಷ್ಟ ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇತ್ತ ನಾನು ಟ್ಯಾಂಕರ್ ತರಿಸುತ್ತೇನೆ. ಆ ದುಡ್ಡು ಕಡೆಗೆ ಊಟದ ದರಕ್ಕೇ ಸೇರುತ್ತದೆ. ಅದನ್ನು ಕೊಡುವವರು ಹಮಾಲರು, ಆಟೋದವರು, ರೂಮ್ ಮಾಡಿಕೊಂಡು ಓದುವ ಹುಡುಗರು.

ನನ್ನ ತಂಗಿಯ ಮನೆ 2008ರ ಸುಮಾರಿಗೇ ದಿನವಿಡೀ ನೀರು ಬಂದ ಬಡಾವಣೆಯಲ್ಲಿದೆ. ಅವಳು ಮನೆಯಲ್ಲೇ ಶೇಂಗಾ ಹೋಳಿಗೆ ಮಾಡಿ ಮಾರುತ್ತಾಳೆ. ಆರ್ಡರ್ ಒಪ್ಪಿಕೊಳ್ಳುವಾಗ ಅವಳು ನೀರಿನ ದಿನ ನೋಡುವುದಿಲ್ಲ. ಒಂದೇ ಊರು, ಒಂದೇ ಮಲಪ್ರಭೆಯ ನೀರು, ಆದರೆ ದುಡಿಮೆಯಲ್ಲಿ ಎಷ್ಟು ಫರಕು!

ತಂಗಿಯ ಬಡಾವಣೆಗೆ ನೀರು ತಂದ ಆ ಮೊದಲ ಯೋಜನೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ನಡೆಯಿತು. ಆ ಊರುಗಳ ಸುಮಾರು ಹತ್ತನೇ ಒಂದು ಭಾಗಕ್ಕೆ ಮಾತ್ರ. ವಿಶ್ವಬ್ಯಾಂಕ್ 2004ರಲ್ಲಿ ಸುಮಾರು 4 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ಖಾಸಗಿ ಸಹಭಾಗಿತ್ವ ಅಂದರೆ ಕಂಪನಿ ತನ್ನ ದುಡ್ಡು ಹಾಕುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲಿ ಹಾಗಿರಲಿಲ್ಲ. ಬಂಡವಾಳ ಸಾರ್ವಜನಿಕರದು, ಕೆಲಸ ಕಂಪನಿಯದು. ಕಂಪನಿಯ ಸಂಭಾವನೆಯಲ್ಲಿ ಒಂದು ಪಾಲನ್ನು ಕೆಲಸದ ಗುಣಮಟ್ಟಕ್ಕೆ ಕಟ್ಟಲಾಗಿತ್ತು. ಇದು ಒಳ್ಳೆಯ ಪದ್ಧತಿ. ಆದರೆ ಅಳತೆ ಏನು, ಎಷ್ಟು ಅಂಕ ಬಂತು, ಎಷ್ಟು ಹಣ ಕಡಿತವಾಯಿತು ಎಂಬುದು ಸಾಲ ತೀರಿಸುವ ನಮಗೂ ತಿಳಿಯಬೇಕಲ್ವಾ?

ಸರಿಯಾಗಿ ಅಳೆಯಲು ಆಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ನಮ್ಮ ಊರಲ್ಲೇ ಅದು ಆಗಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2010ರಿಂದ 2012ರವರೆಗೆ ಇಲ್ಲಿನ 3,922 ಮನೆಗಳನ್ನು ಗಮನಿಸಿದರು. ಎಲ್ಲವೂ ಐದು ವರ್ಷದೊಳಗಿನ ಮಕ್ಕಳಿದ್ದ ಮನೆಗಳು. ದಿನವಿಡೀ ನೀರು ಬರುವ ವಾರ್ಡ್‌ಗಳನ್ನೂ ಸರತಿಯ ವಾರ್ಡ್‌ಗಳನ್ನೂ ಹೋಲಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ವರದಿಯನ್ನು ನನ್ನ ಮಗಳು ಓದಿ ಹೇಳಿದಳು. 24×7 ಇದ್ದ ಕಡೆ ಟೈಫಾಯ್ಡ್ ಬಂದ ಮನೆಗಳು ಶೇಕಡಾ 42ರಷ್ಟು ಕಡಿಮೆ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಆದರೆ ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆದ್ದದ್ದನ್ನೂ ಗೆಲ್ಲದ್ದನ್ನೂ ಹೀಗೆ ಹೇಳಿದಾಗಲೇ ನಂಬಿಕೆ ಬರುವುದು.

ಈ ಯೋಜನೆಯನ್ನು ಸುಮ್ನೆ ಬೈಯುವವರ ಸಾಲಿನಲ್ಲಿ ನಾನಿಲ್ಲ. ಕಂಪನಿ ಬಂದರೆ ನೀರು ಮಾರಾಟದ ಸರಕಾಗುತ್ತದೆ, ಬಡವರಿಗೆ ಸಿಗುವುದಿಲ್ಲ ಎಂದು ಆಗಲೂ ಹೇಳಿದ್ದರು, ಈಗಲೂ ಹೇಳುತ್ತಾರೆ. ಆ ಭಯ ಸುಳ್ಳೋ ನಿಜವೋ ಎಂಬುದನ್ನು ಅಂಕಿಗಳೇ ಹೇಳಲಿ. ಬಿಲ್ ಕಟ್ಟಲಾಗದೆ ಎಷ್ಟು ಮನೆಯ ನಳ ಕಟ್ ಆಯಿತು, ಅವು ಯಾವ ಓಣಿಯವು? ಇದನ್ನು ಮುಚ್ಚಿಡುವ ಅಗತ್ಯವೇನಿದೆ?

ಯೋಜನೆಯನ್ನು ವಿಸ್ತರಿಸಲು ವಿಶ್ವಬ್ಯಾಂಕ್ 2016ರಲ್ಲಿ ಮತ್ತೆ 10 ಕೋಟಿ ಡಾಲರ್ ಸಾಲ ಒಪ್ಪಿತು. ಹೀಗಾಗಿ ಕೇಳಲು ಇದೇ ಸಮಯ. ಪ್ರತಿ ಮೂರು ತಿಂಗಳಿಗೊಮ್ಮೆ ವಾರ್ಡ್‌ವಾರು ಹಾಳೆಯೊಂದನ್ನು ಪಾಲಿಕೆ ಪ್ರಕಟಿಸಲಿ. ದಿನಕ್ಕೆ ಎಷ್ಟು ಗಂಟೆ ನೀರು ಬಂತು, ಎಷ್ಟು ನೀರು ಸೋರಿತು, ದೂರು ಎಷ್ಟು ದಿನಕ್ಕೆ ಬಗೆಹರಿಯಿತು, ಕಂಪನಿಗೆ ಎಷ್ಟು ಹಣ ಸಂದಿತು, ಎಷ್ಟು ದಂಡ ಬಿತ್ತು ಎಂಬುದೆಲ್ಲ ಅದರಲ್ಲಿರಲಿ. ವರ್ಷಕ್ಕೊಮ್ಮೆ ಪಾಲಿಕೆಗೂ ಕಂಪನಿಗೂ ಸೇರದ ಯಾರಾದರೂ ಮನೆಮನೆಗೆ ಹೋಗಿ, ಟ್ಯಾಂಕರ್‌ಗೆ ಎಷ್ಟು ಕೊಟ್ಟಿರಿ, ನೀರಿಗಾಗಿ ಎಷ್ಟು ದಿನದ ದುಡಿಮೆ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಲಿ. ನಮ್ಮ ಊರಲ್ಲೇ ಕರ್ನಾಟಕ ವಿಶ್ವವಿದ್ಯಾಲಯವಿದೆ, ಅರ್ಥಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರಿಗೇ ಈ ಕೆಲಸ ಕೊಡಬಹುದು. ಆ ಹಾಳೆಯನ್ನು ವಾರ್ಡ್ ಕಚೇರಿಯ ಗೋಡೆಗೂ ಅಂಟಿಸಿ. ರೊಟ್ಟಿ ಬಡಿಯಲು ಬರುವವರೂ ನಿಂತು ಓದುವಂತಿರಲಿ.

— ಖಾನಾವಳಿ ನಡೆಸುವ ಓದುಗರೊಬ್ಬರು, ಹುಬ್ಬಳ್ಳಿ