ಗುಟ್ಟು ಬಿಟ್ಟುಕೊಡದ ನನ್ನ ಬಳಗಕ್ಕೆ

ದಾವಣಗೆರೆಯ ನಮ್ಮ ಓದುಬಳಗದ ಹಿರಿಯರಿಗೆ, ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ನಮಸ್ಕಾರಗಳು.

ಶಸ್ತ್ರಚಿಕಿತ್ಸೆಯಾದ ನನ್ನ ಬಲಗಣ್ಣು ಉಳಿದಿದೆ. ಇನ್ನು ಪುಸ್ತಕ ಹಿಡಿಯಲು ಅಡ್ಡಿಯಿಲ್ಲ ಎಂದು ವೈದ್ಯರು ಕಳೆದ ವಾರ ಹೇಳಿದರು. ನಿಮಗೆಲ್ಲ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದೇನೆ, ಆದರೆ ನನಗೆ ಅಷ್ಟು ಸಾಲದು. ನಾನು ಹಾಸಿಗೆ ಹಿಡಿದಿದ್ದ ವಾರಗಳಲ್ಲಿ ಯಾರು ಬಂದು ನನಗೆ ಏನು ಓದಿ ಹೇಳಿದಿರಿ, ಯಾವ ಕಥೆ ನನ್ನನ್ನು ಮರುದಿನದವರೆಗೆ ಕಾಯಿಸಿತು ಎಂಬುದನ್ನು ಎಲ್ಲರ ಮುಂದೆ ಹೇಳಬೇಕು. ಪತ್ತೇದಾರಿ ಕಾದಂಬರಿ ಎಂದರೆ ಬರೀ ಹೊತ್ತು ಕಳೆಯುವ ಓದು ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಹೊತ್ತು ಕಳೆಯುವುದೇ ದೊಡ್ಡ ಕಷ್ಟವಾಗಿದ್ದ ಕಾಲದಲ್ಲಿ ಆ ಕಾದಂಬರಿಗಳೇ ನನ್ನ ಕೈ ಹಿಡಿದವು. ಅವನ್ನು ಮನೆಯವರೆಗೆ ಹೊತ್ತು ತಂದವರು ನೀವು.

ಮೊದಲ ಕೃತಜ್ಞತೆ ನಮ್ಮ ನರ್ಸ್ ಅಕ್ಕನಿಗೆ. ಆ ಭಾನುವಾರ ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೊಲೆಗಾರ ಯಾರಿರಬಹುದೆಂದು ವಾದಕ್ಕಿಳಿದಿದ್ದಾಗ, ನಿನ್ನೆ ಮೊನ್ನೆಯಿಂದ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುತ್ತಿದೆ, ಕಪ್ಪು ಚುಕ್ಕೆಗಳು ತೇಲುತ್ತಿವೆ ಎಂದು ನಾನು ಮಾತಿನ ನಡುವೆ ಹೇಳಿದ್ದೆ. ಅಕ್ಕ ತಟ್ಟೆ ಕೆಳಗಿಟ್ಟು, "ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲಾಗಿದೆಯಾ?" ಎಂದು ಕೇಳಿದರು. ಆಗಿತ್ತು. "ಕನ್ನಡಕ ಎಷ್ಟು ವರ್ಷದಿಂದ? ನಂಬರು ಎಷ್ಟು?" ಎಂದರು. ನನ್ನದು ಚಿಕ್ಕಂದಿನಿಂದಲೂ ದಪ್ಪ ಗಾಜಿನ ಕನ್ನಡಕ. ಅವರಿಗೆ ಅಷ್ಟು ಸಾಕಾಯಿತು. ಹೆಚ್ಚಿನ ಸಮೀಪದೃಷ್ಟಿ ಇರುವವರಿಗೆ ರೆಟಿನಾ, ಅಂದರೆ ಕಣ್ಣೊಳಗೆ ನೋಟ ಹಿಡಿಯುವ ಪದರ, ಕಳಚುವ ಅಪಾಯ ಉಳಿದವರಿಗಿಂತ ಜಾಸ್ತಿ. ಅದು ಕಳಚುವಾಗ ನೋವೇ ಇರುವುದಿಲ್ಲ, ಹಾಗಾಗಿ ಜನ ನಾಳೆ ತೋರಿಸಿದರಾಯಿತು ಎಂದು ಬಿಟ್ಟುಬಿಡುತ್ತಾರೆ. ರೆಟಿನಾದ ನಡುಭಾಗ ಕಳಚುವ ಮೊದಲೇ ಚಿಕಿತ್ಸೆಯಾದರೆ ದೃಷ್ಟಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಅಕ್ಕ ನನ್ನನ್ನು ಅಲ್ಲಿಂದಲೇ ಆಟೊ ಹತ್ತಿಸಿಕೊಂಡು ಹೋದರು. ಇದನ್ನು ಓದುವವರಲ್ಲಿ ಯಾರಿಗಾದರೂ ಮಿಂಚು, ಚುಕ್ಕೆ, ಪರದೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗಿನ ಲೋಳೆಯನ್ನು ತೆಗೆದು, ರೆಟಿನಾವನ್ನು ಲೇಸರ್‌ನಿಂದ ಭದ್ರಪಡಿಸಿ, ಒಳಗೆ ಅನಿಲದ ಗುಳ್ಳೆ ತುಂಬಿದರು. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ. ರೆಟಿನಾ ಇರುವುದು ಕಣ್ಣಿನ ಹಿಂಬದಿಯಲ್ಲಿ. ಗುಳ್ಳೆ ಅದನ್ನು ಒತ್ತಿ ಹಿಡಿದಿರಬೇಕಾದರೆ ರೋಗಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟಕ್ಕೆ, ಸ್ನಾನಕ್ಕೆ ಎದ್ದರೆ ಎದ್ದದ್ದು, ಉಳಿದಂತೆ ಹಗಲೂ ರಾತ್ರಿ ಅದೇ ಭಂಗಿ. ಮಂಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುತ್ತಾ, ತೂಕದ ಚೀಟಿ, ಲಾರಿ, ಹಮಾಲರ ಸದ್ದಿನ ನಡುವೆ ದಿನ ಕಳೆಯುವವಳಿಗೆ ಸುತ್ತಿದ ಟವೆಲ್ಲಿನ ಮೇಲೆ ಹಣೆ ಊರಿ ಸುಮ್ಮನೆ ಮಲಗುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಎಡಗಣ್ಣು ಮೊದಲಿನಿಂದಲೂ ಮಂದ, ಅಕ್ಷರ ಹಿಡಿಯುವುದಿಲ್ಲ. ಮಂಚದ ಅಂಚಿನಿಂದ ಕಾಣುತ್ತಿದ್ದದ್ದು ಕೆಂಪು ಗಾರೆ ನೆಲ, ಅದರ ಮೇಲೆ ಬಂದವರ ಪಾದಗಳು.

ಹಾಗಾಗಿ ಆ ವಾರಗಳಲ್ಲಿ ನಿಮ್ಮನ್ನೆಲ್ಲ ನಾನು ದನಿಯಿಂದ ಮತ್ತು ಪಾದದಿಂದ ಬಲ್ಲೆ. ಅಂಚೆ ಇಲಾಖೆಯಿಂದ ನಿವೃತ್ತರಾದ ನಮ್ಮ ಹಿರಿಯರು ಓದುವಾಗ ಅವರ ಎಡಗಾಲಿನ ಹೆಬ್ಬೆರಳು ನೆಲವನ್ನು ತಟ್ಟುತ್ತಿತ್ತು. ಎಲ್ಲ ಹೊತ್ತೂ ಅಲ್ಲ. ಕಥೆಯಲ್ಲಿ ಏನೋ ಬರಲಿದೆ ಎಂಬ ಪುಟಕ್ಕೆ ಬಂದಾಗ ಮಾತ್ರ. ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಿಸದವರು, ಬೆರಳಿಗೆ ಮಾತ್ರ ತಡೆ ಹಾಕಲಾರರು. ಬೆರಳು ತಟ್ಟಲು ಶುರುವಾದರೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಇಷ್ಟು ದಿನ ಇದನ್ನು ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೆರಳು ನಿಂತುಬಿಡುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' ಬಗ್ಗೆ. ಇಂಗ್ಲಿಷ್ ಉಪನ್ಯಾಸಕರು ಅದನ್ನು ಸೂಚಿಸಿದಾಗ ನನಗೆ ಅಂಥ ಉತ್ಸಾಹ ಇರಲಿಲ್ಲ. 1868ರ ಕಾದಂಬರಿ, ಅಷ್ಟು ದಪ್ಪ, ಅದನ್ನು ಓದಿ ಕನ್ನಡದಲ್ಲಿ ಹೇಳುವುದೆಂದರೆ ಯಾರಿಗೆ ಪುರುಸೊತ್ತು ಎನ್ನಿಸಿತ್ತು. ಆದರೆ ಅವರು ಮೊದಲ ಪುಟ ತೆರೆದಾಗ ಕಥೆ ಆರಂಭವಾದದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ ತಿಂಗಳು, ಕೋಟೆ ಬೀಳುತ್ತಿದೆ, ಟಿಪ್ಪುವಿನ ಭಂಡಾರದಲ್ಲಿ ಕಠಾರಿಯ ಹಿಡಿಗೆ ಕೂರಿಸಿದ ಹಳದಿ ವಜ್ರವಿದೆ, ಅದಕ್ಕಾಗಿ ರಕ್ತ ಹರಿಸುವವನು ಒಬ್ಬ ಇಂಗ್ಲಿಷ್ ಅಧಿಕಾರಿ. ಅಂಚೆಯ ಹಿರಿಯರು ಅಲ್ಲಿಗೇ ತಡೆದು, 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದು ಮದಕರಿ ನಾಯಕರನ್ನು ಸೆರೆಹಿಡಿದು ಒಯ್ದದ್ದು ಅದೇ ಪಟ್ಟಣಕ್ಕೆ ಎಂದು ನೆನಪಿಸಿದರು. ದುರ್ಗ ಬಿದ್ದ ಇಪ್ಪತ್ತು ವರ್ಷಕ್ಕೆ ಪಟ್ಟಣವೂ ಬಿತ್ತು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಕಾದಂಬರಿ ಒಮ್ಮೆಗೇ ನಮ್ಮದಾಯಿತು. ಕಂಪನಿಯ ಗೆಲುವನ್ನು ಹಾಡಿ ಹೊಗಳುತ್ತಿದ್ದ ಕಾಲದಲ್ಲಿ, ಗೆದ್ದ ಕಡೆಯವನೇ ಕಳ್ಳ ಎಂದು ಮೊದಲ ಪುಟಗಳಲ್ಲೇ ಬರೆದ ಕಾಲಿನ್ಸ್ ಬಗ್ಗೆ ನನಗೆ ಬಹಳ ಗೌರವ ಹುಟ್ಟಿತು.

ಆ ಕಾದಂಬರಿಯನ್ನು ಒಬ್ಬರು ಹೇಳುವುದಿಲ್ಲ. ವಜ್ರ ಕಳುವಾದ ಮನೆಯ ಮೇಸ್ತ್ರಿಯಂಥ ಹಳೆಯ ಸೇವಕ, ಧರ್ಮೋಪದೇಶದ ಕಿರುಹೊತ್ತಗೆ ಹಂಚುವ ಹೆಂಗಸು, ವಕೀಲ, ವೈದ್ಯನ ಸಹಾಯಕ, ಹೀಗೆ ಒಬ್ಬೊಬ್ಬರು ತಾವು ಕಂಡಷ್ಟನ್ನು ಮಾತ್ರ ಬರೆಯುತ್ತಾರೆ. ಪಾತ್ರಕ್ಕೊಬ್ಬರಂತೆ ಓದಿದರೆ ಹೇಗೆ ಎಂದವರು ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಂಗಿ. ಅವಳ ಆ ಒಂದು ಮಾತಿಗೆ ನಾನು ಎಷ್ಟು ಕೃತಜ್ಞಳು! ಮರುದಿನದಿಂದ ಮನೆಯೇ ಸಾಕ್ಷಿ ಹೇಳಿಕೆಯ ಕಟಕಟೆಯಾಯಿತು. ಹಿರಿಯರು ಸೇವಕ ಬೆಟರೆಜ್ ಆದರು. ಏನೇ ಸಂದೇಹ ಬಂದರೂ 'ರಾಬಿನ್ಸನ್ ಕ್ರೂಸೋ' ತೆರೆದು ಉತ್ತರ ಹುಡುಕುವ ಆ ಮುದುಕ, ಇವರ ಬಾಯಲ್ಲಿ ದುರ್ಗದ ಕಡೆಯ ದೊಡ್ಡಮನೆಯ ಹಳೆಯ ಆಳಿನ ಹಾಗೆ ಕೇಳಿಸಿದ. ಮಿಸ್ ಕ್ಲಾಕ್ ಪಾಲು ವಿದ್ಯಾನಗರದ ಗೆಳತಿಯದು. ಕಾಯಿಲೆ ಬಿದ್ದ ಶ್ರೀಮಂತ ಹೆಂಗಸಿನ ಮನೆಯ ಮೂಲೆಮೂಲೆಯಲ್ಲಿ ಮಿಸ್ ಕ್ಲಾಕ್ ತನ್ನ ಉಪದೇಶದ ಪುಸ್ತಕಗಳನ್ನು ಬಚ್ಚಿಡುವ ಪ್ರಸಂಗವನ್ನು ಆಕೆ ಎಷ್ಟು ಗಂಭೀರವಾಗಿ ಓದಿದರೆಂದರೆ, ನಗಬೇಡ ಎಂದು ನರ್ಸ್ ಅಕ್ಕ ನನ್ನ ಬೆನ್ನು ಹಿಡಿದುಕೊಂಡು ಕೂರಬೇಕಾಯಿತು. ಗುಲಾಬಿ ಬೆಳೆಸುವ ಆಸೆಯ ಪತ್ತೇದಾರ ಸಾರ್ಜೆಂಟ್ ಕಫ್‌ನನ್ನು ಉಪನ್ಯಾಸಕರು ಯಾರಿಗೂ ಬಿಟ್ಟುಕೊಡಲಿಲ್ಲ.

ಇನ್ನೊಂದು ವಿಷಯವನ್ನು ಉಪನ್ಯಾಸಕರು ಓದಿನ ನಡುವೆ ಹೇಳಿದ್ದು ನನ್ನ ಎದೆಯಲ್ಲಿ ನಿಂತಿದೆ. ಕಾಲಿನ್ಸ್ ಈ ಕಾದಂಬರಿ ಬರೆಯುತ್ತಿದ್ದಾಗ ತಾಯಿ ಸಾವಿನ ಹಾಸಿಗೆಯಲ್ಲಿದ್ದರು, ತಾನೂ ಸಂಧಿವಾತದ ನೋವಿನಿಂದ ಮೇಲೇಳಲಾಗದೆ ಮಲಗಿದ್ದ. ಧಾರಾವಾಹಿ ಪ್ರತಿ ವಾರ ಅಚ್ಚಿಗೆ ಹೋಗಲೇಬೇಕು. ಮಲಗಿದಲ್ಲಿಂದಲೇ ಹೇಳಿ ಬರೆಯಿಸಿದ ಭಾಗಗಳು ಅದರಲ್ಲಿವೆ. ಹಾಸಿಗೆಯಿಂದ ಹೇಳಿದ ಕಥೆ ಹಾಸಿಗೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ನೋವಿನಲ್ಲಿದ್ದವನು ಓದುಗರನ್ನು ಮುಂದಿನ ವಾರಕ್ಕೆ ಕಾಯಿಸುವಷ್ಟು ಚೆಂದವಾಗಿ ಕಥೆ ಹೆಣೆದನಲ್ಲ ಎಂದು ಯೋಚಿಸುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ.

ಕನ್ನಡದ ಪತ್ತೇದಾರಿಯೂ ಬಂತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಳೆಯ ಪ್ರತಿಗಳನ್ನು ಹರಿಹರದ ಅಣ್ಣ ಚೀಲದಲ್ಲಿ ತುಂಬಿ ತಂದರು. 500ಕ್ಕೂ ಹೆಚ್ಚು ಕಾದಂಬರಿ ಬರೆದವರು ನರಸಿಂಹಯ್ಯ. ಒಂದು ಕಾಲಕ್ಕೆ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಇಂಥ ಪುಸ್ತಕಗಳಿಗೆ ಸರದಿ ಕಾಯುತ್ತಿದ್ದರು, ನಮ್ಮ ತಂದೆಯವರೂ ಕಾದವರೇ. ಕನ್ನಡದಲ್ಲಿ ಓದುವ ಚಟ ಹಿಡಿಸಿದ ಪುಣ್ಯ ನರಸಿಂಹಯ್ಯನವರಿಗೆ ಸಲ್ಲಬೇಕಾದಷ್ಟು ಇನ್ನೂ ಸಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಣ್ಣ ತಂದ ಒಂದು ಪ್ರತಿಯಲ್ಲಿ ಕೊನೆಯ ಹಾಳೆಗಳೇ ಇರಲಿಲ್ಲ. ಎಲ್ಲರೂ ತಮಗೆ ತೋಚಿದ ಅಪರಾಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದಿರಿ. ಇಡೀ ಪ್ರತಿಯನ್ನು ಇನ್ನೊಬ್ಬರಿಂದ ಹುಡುಕಿಸಿ ತಂದ ದಿನ, ಸರಿಯುತ್ತರ ಬರೆದಿದ್ದದ್ದು ನಮ್ಮ ಮನೆಯ ಕೆಲಸಕ್ಕೆ ಬರುವ ಅಕ್ಕ! ಪಾತ್ರೆ ಬೆಳಗುತ್ತಾ ಕೇಳಿಸಿಕೊಂಡದ್ದರಲ್ಲೇ ಎಳೆ ಹಿಡಿದಿದ್ದರು. ಅಂದಿನಿಂದ ಅವರೂ ನಮ್ಮ ಬಳಗದವರು.

ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಓದಿದ ತಂಗಿಗೆ ಪ್ರತ್ಯೇಕ ನಮಸ್ಕಾರ. 1926ರಲ್ಲಿ ಬಂದ ಆ ಪುಸ್ತಕದ ಕೊನೆ ಬಹಳ ಜನಕ್ಕೆ ಗೊತ್ತು, ನನಗೆ ಗೊತ್ತಿರಲಿಲ್ಲ. ಅವಳು ಒಂದೇ ಒಂದು ಸಾಲನ್ನೂ ಒತ್ತಿ ಓದಲಿಲ್ಲ, ಎಲ್ಲೂ ತಡೆಯಲಿಲ್ಲ. ಅಷ್ಟು ಚಿಕ್ಕ ವಯಸ್ಸಿಗೆ ಅಂಥ ಸಂಯಮ! ಇದಕ್ಕಿಂತ ಹೆಚ್ಚು ಹೇಳಿದರೆ ಓದದವರಿಗೆ ದ್ರೋಹವಾಗುತ್ತದೆ.

ಚಿತ್ರದುರ್ಗದಿಂದ ಬಸ್ಸು ಹತ್ತಿ ಬರುತ್ತಿದ್ದ ಗೆಳತಿ ಪತ್ತೇದಾರಿ ಎಂದು ಯಾರೂ ಕರೆಯದ ಪುಸ್ತಕ ತಂದರು, ತ.ರಾ.ಸು. ಅವರ 'ಹಂಸಗೀತೆ'. ಭೈರವಿ ವೆಂಕಟಸುಬ್ಬಯ್ಯ ಎಂಬ ಸಂಗೀತಗಾರನ ಬದುಕನ್ನು ಜನರ ಬಾಯಲ್ಲಿ ಉಳಿದ ಕಥೆಗಳಿಂದ ಹೆಕ್ಕಿ ಕಟ್ಟುವ ಕಾದಂಬರಿ ಅದು. ಕೊಲೆಯಿಲ್ಲದಿದ್ದರೇನು, ಹುಡುಕಾಟವಿದೆಯಲ್ಲ, ಒಬ್ಬ ಮನುಷ್ಯನಿಗೆ ನಿಜಕ್ಕೂ ಏನಾಯಿತು ಎಂಬ ಪ್ರಶ್ನೆಯಿದೆಯಲ್ಲ ಎಂದು ಅವರು ವಾದಿಸಿದರು. ಮೊದಲೂ ಓದಿದ್ದ ಪುಸ್ತಕ, ಆದರೆ ಈ ಕಣ್ಣಿನಿಂದ ನೋಡಿರಲಿಲ್ಲ. ತಳುಕಿನ ಸುಬ್ಬರಾಯರು, ಅಂದರೆ ತ.ರಾ.ಸು., ದುರ್ಗದ ಕಲ್ಲುಗಳನ್ನು ಪ್ರಶ್ನೆ ಕೇಳುತ್ತಾ ನಡೆದ ಹಾಗೆ ನನಗೆ ಅನ್ನಿಸಿತು. ಗೆಳತಿಯ ವಾದವನ್ನು ನಾನು ಪೂರ್ತಿ ಒಪ್ಪಿದ್ದೇನೆ. ಉಪನ್ಯಾಸಕರು ಒಪ್ಪಿಲ್ಲ, ಆ ಜಗಳ ಮುಂದುವರಿಯಲಿ.

ಗುಳ್ಳೆ ದಿನದಿನಕ್ಕೆ ಕರಗುವಾಗ ನೋಟದಲ್ಲಿ ಒಂದು ಅಡ್ಡಗೆರೆ ಕಾಣುತ್ತದೆ. ಗೆರೆಯ ಮೇಲೆ ಜಗತ್ತು ತಿಳಿ, ಕೆಳಗೆ ಎಲ್ಲವೂ ಅಲುಗಾಟ. ಗೆರೆ ಇಳಿಯುತ್ತಾ ಹೋಗಿ ಕೊನೆಗೆ ಕೆಳಗಡೆ ಪುಟ್ಟ ಗೋಲಿಯಾಗಿ ಕುಣಿಯುತ್ತದೆ, ಆಮೇಲೆ ಅದೂ ಇಲ್ಲ. ಗೋಲಿ ಮಾಯವಾದ ಮೇಲೆ ವೈದ್ಯರ ಅಪ್ಪಣೆ ಪಡೆದು, ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ನಾನೇ ಓದಿದ ಮೊದಲ ಪುಸ್ತಕ ಜಪಾನಿನ ಕೀಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಕೊಲೆ ಯಾರು ಮಾಡಿದರು ಎಂಬುದು ಆರಂಭದಲ್ಲೇ ನಮ್ಮೆದುರು ನಡೆದುಬಿಡುತ್ತದೆ. ಆಮೇಲೆ ನಡೆಯುವುದು ಅದನ್ನು ಮುಚ್ಚಿಡಲು ನಿಂತ ಗಣಿತದ ಮೇಷ್ಟ್ರಿಗೂ ಬಿಡಿಸಲು ನಿಂತ ಭೌತವಿಜ್ಞಾನಿಗೂ ನಡುವಿನ ಪಂದ್ಯ. ಇಬ್ಬರೂ ಹಳೆಯ ಸ್ನೇಹಿತರು. ಕೊನೆಯಲ್ಲಿ ನಾನು ಅತ್ತೆ. ಕಣ್ಣಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ನರ್ಸ್ ಅಕ್ಕನನ್ನು ಕೇಳಿದೆ, ಅಳು ಎಂದರು.

ರಜೆಗೆ ಒಂದು ಮಾತೂ ಆಡದ ಮಂಡಿಯ ಯಜಮಾನರಿಗೆ, ಹೊತ್ತು ಹೊತ್ತಿಗೆ ಹನಿ ಹಾಕಿದ ಮಗನಿಗೆ, ಬಂದವರಿಗೆಲ್ಲ ಚಹಾ ಮಾಡಿ ದಣಿದ ಅತ್ತೆಯವರಿಗೆ ನಾನು ಋಣಿ.

ನೀವು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ನಾನು ಎಷ್ಟು ಗೋಗರೆದರೂ ಒಬ್ಬರೂ ಕೊನೆಯನ್ನು ಮೊದಲೇ ಹೇಳಲಿಲ್ಲ. "ನಾಳೆ ಬರುತ್ತೇವಲ್ಲ" ಎಂದು ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದಿರಿ. ಕಣ್ಣು ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಮುಳುಗಬೇಕಿದ್ದ ರಾತ್ರಿಗಳಲ್ಲಿ ನಾನು ವಜ್ರ ಕದ್ದವರು ಯಾರೆಂದು ಯೋಚಿಸುತ್ತಿದ್ದೆ. ನಾಳೆಗಾಗಿ ಕಾಯುವುದಕ್ಕೆ ನನಗೊಂದು ಕಾರಣ ಕೊಟ್ಟಿರಿ.

ಈ ತಿಂಗಳು ನಮ್ಮ ಅಂಚೆಯ ಹಿರಿಯರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದೆ, ಒಂದಾದ ಮೇಲೆ ಇನ್ನೊಂದು ಕಣ್ಣಿಗೆ. ಹೊಸ ಕನ್ನಡಕ ಬರುವ ತನಕ ಸಣ್ಣ ಅಕ್ಷರ ಅವರಿಗೆ ಆಗದು. ಓದುವ ಪಾಳಿ ಈಗ ನನ್ನದು. ತೇಜಸ್ವಿಯವರ 'ಚಿದಂಬರ ರಹಸ್ಯ' ಆರಿಸಿಕೊಂಡಿದ್ದೇನೆ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ಕೆಸರೂರಿನ ಏಲಕ್ಕಿ ಇಳುವರಿ ಯಾಕೆ ಕುಸಿಯಿತು ಎಂದು ತನಿಖೆಗೆ ಬರುವ ಅಧಿಕಾರಿಯ ಕಥೆ. ಅಷ್ಟೊಂದು ಓದಿದ ಹಿರಿಯರು ಅದೊಂದನ್ನು ಹೇಗೋ ಓದದೆ ಉಳಿಸಿಕೊಂಡಿದ್ದಾರಂತೆ. ಮುಂದಿನ ಭಾನುವಾರ ಸಂಜೆ ಅವರ ಮನೆಯಲ್ಲಿ ಮೊದಲ ಅಧ್ಯಾಯ, ಎಲ್ಲರೂ ಬನ್ನಿ. ನಿಮ್ಮಲ್ಲಿ ಮುಕ್ಕಾಲು ಜನ ಅದನ್ನು ಓದಿದ್ದೀರಿ ಎಂದು ನನಗೆ ಗೊತ್ತು. ದಯವಿಟ್ಟು ಅವರಿಗೆ ಯಾರೂ ಏನನ್ನೂ ಹೇಳಬೇಡಿ.