ಕಿಟಕಿ ಕುಟ್ಟುವ ಹಕ್ಕಿ: ಮದ್ದು ಗಾಜಿನ ಹೊರಮೈಗೆ ಬೇಕು

ಮಾನ್ಯ ಸಂಪಾದಕರೇ,

ಕಾಫಿ ಹೂಮಳೆ ಬೀಳುವ ಹೊತ್ತಿಗೆ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ. ಬೆಳಕು ಹರಿಯುತ್ತಲೇ ಹಕ್ಕಿಯೊಂದು ಬಂದು ಕಿಟಕಿ ಗಾಜನ್ನು ಟಕಟಕ ಕುಟ್ಟುತ್ತದೆ, ಅಟ್ಟಿದರೆ ಹತ್ತು ನಿಮಿಷಕ್ಕೆ ಮತ್ತೆ ಹಾಜರು. ಅಪಶಕುನವೆಂದು ಶಾಂತಿ ಮಾಡಿಸಲು ಹೊರಡುವವರಿದ್ದಾರೆ, ಕ್ಯಾಟರ್‌ಬಿಲ್ಲು ಹಿಡಿಯುವವರೂ ಇದ್ದಾರೆ. ಎರಡೂ ಬೇಡ, ಒಂದು ತುಂಡು ಸೋಪು ಸಾಕು.

ಹೀಗೆ ಕುಟ್ಟುವುದು ಹೆಚ್ಚಾಗಿ ಮಡಿವಾಳ ಹಕ್ಕಿ, ಪಿಕಳಾರ, ಸೂರಕ್ಕಿ, ನೀರಿನ ಹತ್ತಿರದ ಮನೆಗಳಲ್ಲಾದರೆ ಸಿಪಿಲೆ. ಗೂಡು ಕಟ್ಟುವ ಕಾಲದಲ್ಲಿ ಇವು ತಮ್ಮ ಜಾಗದೊಳಗೆ ತಮ್ಮದೇ ಜಾತಿಯ ಇನ್ನೊಂದನ್ನು ಸಹಿಸುವುದಿಲ್ಲ. ಗಾಜಿನಲ್ಲಿ ಕಾಣುವುದು ತನ್ನದೇ ಬಿಂಬ ಎಂಬುದು ಹಕ್ಕಿಗೆ ತಿಳಿಯದು. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಪ್ರಾಣಿಗೆ ತಿಳಿಯುತ್ತದೆಯೇ ಎಂದು ನೋಡಲು 1970ರಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಗ್ಯಾಲಪ್ ಚಿಂಪಾಂಜಿಗಳಿಗೆ ಒಡ್ಡಿದ ಕನ್ನಡಿ ಪರೀಕ್ಷೆಯನ್ನು ಆಮೇಲೆ ಹಲವು ಪ್ರಾಣಿ ಪಕ್ಷಿಗಳಿಗೆ ಮಾಡಿ ನೋಡಿದರು. ಹಕ್ಕಿಗಳಲ್ಲಿ ಪಾಸಾಯಿತು ಎಂದು 2008ರಲ್ಲಿ ವರದಿಯಾದದ್ದು ಕಾಗೆಯ ಬಳಗದ ಯುರೋಪಿನ ಮ್ಯಾಗ್‌ಪೈ. ನಮ್ಮ ಅಂಗಳದ ಮಡಿವಾಳನಿಗೆ ಅಷ್ಟು ಸೂಕ್ಷ್ಮವಿಲ್ಲ. ನಿಜವಾದ ಎದುರಾಳಿಯಾಗಿದ್ದರೆ ಎರಡು ಸಲ ಎರಗಿದ ಮೇಲೆ ಜಾಗ ಬಿಡುತ್ತಿತ್ತು. ಬಿಂಬ ಬಿಡುವುದಿಲ್ಲ, ಇದು ರೆಕ್ಕೆ ಬಿಚ್ಚಿದರೆ ಅದೂ ಬಿಚ್ಚುತ್ತದೆ, ಇದು ಕುಕ್ಕಿದರೆ ಅದೂ ಕುಕ್ಕುತ್ತದೆ. ಹಾಗಾಗಿಯೇ ಜಗಳ ವಾರಗಟ್ಟಲೆ ಎಳೆಯುತ್ತದೆ. ಮಡಿವಾಳನಿಗೆ ಮಾರ್ಚ್‌ನಿಂದ ಜುಲೈವರೆಗೆ ಇದರ ಕಾಲ. ಹೆಣ್ಣುಗಳೂ ಕುಟ್ಟುವುದುಂಟು. ಇದರಿಂದ ಹಕ್ಕಿ ಸಾಯುವುದು ಅಪರೂಪ, ಆದರೆ ಕೊಕ್ಕು ಸವೆಯುತ್ತದೆ, ಮರಿಗಳಿಗೆ ಹುಳ ಹಿಡಿಯಬೇಕಾದ ಬೆಳಗಿನ ಹೊತ್ತು ಗಾಜಿನ ಮುಂದೆ ಕಳೆದುಹೋಗುತ್ತದೆ.

ಜನ ತಪ್ಪುವುದು ಒಂದೇ ಕಡೆ: ಒಳಗಿನಿಂದ ಪರದೆ ಎಳೆಯುತ್ತಾರೆ. ಹೊರಗೆ ಬಿಸಿಲು, ಒಳಗೆ ಕತ್ತಲೆ ಇದ್ದಷ್ಟೂ ಗಾಜು ಚೆನ್ನಾಗಿ ಕನ್ನಡಿಯಾಗುತ್ತದೆ. ದಪ್ಪ ಪರದೆ ಹಾಕಿದರೆ ಬಿಂಬ ಇನ್ನೂ ಸ್ಪಷ್ಟವಾಗುತ್ತದೆ. ಕಪ್ಪು ಸನ್ ಫಿಲ್ಮ್ ಅಂಟಿಸಿದರಂತೂ ಹಕ್ಕಿಗೆ ನಾವೇ ಕಾಸು ಕೊಟ್ಟು ಎದುರಾಳಿಯನ್ನು ತಂದುಕೊಟ್ಟಂತೆ. ನಮ್ಮ ಮರದ ಕಿಟಕಿಗಳ ಸೊಳ್ಳೆ ಮೆಶ್ಶೂ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬಾಗಿಲು ಹೊರಕ್ಕೆ ತೆರೆಯುವುದರಿಂದ ಮೆಶ್ ಗಾಜಿನ ಒಳಗಡೆ ಇರುತ್ತದೆ.

ಮೊದಲು ಹೊರಗೆ ಹೋಗಿ, ಹಕ್ಕಿ ಕೂರುವ ಎತ್ತರಕ್ಕೆ ಬಗ್ಗಿ ಗಾಜು ನೋಡಿ. ಬಿಂಬ ಎಲ್ಲಿಂದ ಎಲ್ಲಿಗೆ ಕಾಣುತ್ತದೋ ಅಷ್ಟು ಮುಚ್ಚಿದರಾಯಿತು, ಸಾಮಾನ್ಯವಾಗಿ ಕೆಳಗಿನ ಒಂದು, ಒಂದೂವರೆ ಅಡಿ. ಆ ಭಾಗದ ಹೊರಮೈಗೆ ಒದ್ದೆ ಸೋಪನ್ನು ಉಜ್ಜಿ ಒಣಗಲು ಬಿಡಿ. ತಿಳಿಯಾಗಿ ಕಲಸಿದ ಸುಣ್ಣವೂ ಆಗುತ್ತದೆ. ಮಳೆ ಹಿಡಿದರೆ ಇದು ನಿಲ್ಲುವುದಿಲ್ಲ. ಆಗ ಕಾಫಿ ನರ್ಸರಿಯ ಹಸಿರು ಶೇಡ್‌ನೆಟ್ಟಿನ ತುಂಡನ್ನು ಚೌಕಟ್ಟಿಗೆ ಬಿಗಿಯಾಗಿ ಹೊಡೆಯಿರಿ. ಮೀನು ಹಿಡಿಯುವ ಬಲೆ ಮಾತ್ರ ಬೇಡ, ಕಾಲು ಕತ್ತು ಸಿಕ್ಕಿಕೊಳ್ಳುತ್ತವೆ. ಕಿಟಕಿಗೆ ತಾಗಿದ ದಾಸವಾಳದ ಕೊಂಬೆ ಹಕ್ಕಿಯ ಪೀಠವಾಗಿದ್ದರೆ, ಗೂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಅದೊಂದನ್ನು ಸವರಿ. ಕಾರು, ಬೈಕಿನ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿದರೆ ಮುಗಿಯಿತು. ಒಂದು ಗಾಜು ಮುಚ್ಚಿದ ಮೇಲೆ ಹಕ್ಕಿ ಪಕ್ಕದ ಗಾಜಿಗೆ ಹೋಗುವುದುಂಟು, ಅದನ್ನೂ ಮುಚ್ಚಿ. ಗುಬ್ಬಿಗಳ ಆಟ ನೋಡಲೆಂದು ಜಗಲಿಯಲ್ಲಿ ಕನ್ನಡಿ ತೂಗುಹಾಕುವವರು ದಯವಿಟ್ಟು ತೆಗೆದಿಡಿ. ಅದು ಗುಬ್ಬಿಗೆ ಆಟವಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಬೇರೆ, ಸದ್ದಿಲ್ಲದೆ ನಡೆಯುವಂಥದ್ದು. ಕಿಟಕಿಯ ಕೆಳಗಂಚಿನಲ್ಲಿ ಕೊಕ್ಕಿನ ಗೀಚು, ಅಡಿಯಲ್ಲಿ ಹಿಕ್ಕೆ ಇದ್ದರೆ ಅದು ಜಗಳ. ಗಾಜಿನ ನಡುವೆ ಅಂಟಿದ ಒಂದು ಪುಕ್ಕ, ಅಥವಾ ರೆಕ್ಕೆ ಬಿಚ್ಚಿದ ಆಕಾರದಲ್ಲೇ ಬೂದುಬಣ್ಣದ ಪುಡಿಯ ಅಚ್ಚು ಕಂಡರೆ ಅದು ಡಿಕ್ಕಿ. ಪಾರಿವಾಳ ಜಾತಿಯ ಗರಿಯಲ್ಲಿ ಪುಡಿ ಇರುವುದರಿಂದ ಅಚ್ಚು ಅಷ್ಟು ಚೆನ್ನಾಗಿ ಮೂಡುತ್ತದೆ. ತೋಟದೊಳಗೆ ನೆಲಮಟ್ಟದಲ್ಲಿ ವೇಗವಾಗಿ ಹಾರುವ ಮರಕತ ಪಾರಿವಾಳ, ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರುವ ನವರಂಗ ಹೀಗೆ ಸಾಯುತ್ತವೆ. ಅವು ಗಾಜಿನಲ್ಲಿ ಎದುರಾಳಿಯನ್ನಲ್ಲ, ಸಿಲ್ವರ್ ಓಕ್ ಸಾಲನ್ನೂ ಆಕಾಶವನ್ನೂ ಕಾಣುತ್ತವೆ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆಂದು 2014ರ ಅಧ್ಯಯನವೊಂದು ಅಂದಾಜಿಸಿತು. ನಮ್ಮ ಬೆಟ್ಟಗಳ ಹೋಂಸ್ಟೇಗಳಲ್ಲಿ ಈಗ ನೆಲದಿಂದ ಸೂರಿನವರೆಗೆ ಗಾಜು ಹಾಕುವುದೇ ಫ್ಯಾಷನ್. ಮೂಲೆಯ ಎರಡೂ ಬದಿಗೆ ಗಾಜಿದ್ದರೆ ಆಚೆಯ ತೋಟ ನೇರ ಕಾಣುತ್ತದೆ, ಹಕ್ಕಿ ದಾರಿಯಿದೆ ಎಂದೇ ನುಗ್ಗುತ್ತದೆ. ಬಾಲ್ಕನಿಯ ಗಾಜಿನ ಕಟಕಟೆಯದೂ ಇದೇ ಕಥೆ.

ಗಿಡುಗನ ಚಿತ್ರದ ಒಂದು ಸ್ಟಿಕ್ಕರ್ ಅಂಟಿಸಿ ನಿಶ್ಚಿಂತರಾಗುವವರು ಬಹಳ. ಹಕ್ಕಿ ಆ ಸ್ಟಿಕ್ಕರನ್ನು ತಪ್ಪಿಸಿಕೊಂಡು ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಗುರುತುಗಳು ಇಡೀ ಗಾಜಿನ ಮೇಲೆ, ಹೊರಮೈಯಲ್ಲಿ, ಒಂದಕ್ಕೊಂದು 5 ಸೆಂ.ಮೀ. ಅಂತರದೊಳಗೆ ಇರಬೇಕು. ಪ್ರತಿ ಚುಕ್ಕೆ 6 ಮಿ.ಮೀ.ಗಿಂತ ಕಿರಿದಾಗಬಾರದು. ಬಿಳಿ ಎನಾಮೆಲ್ ಬಣ್ಣದಲ್ಲಿ ಚುಕ್ಕೆ ರಂಗೋಲಿಯ ಹಾಗೆ ಇಟ್ಟರೆ ನೋಡಲೂ ಕೆಟ್ಟದಾಗಿರುವುದಿಲ್ಲ. ನೋಟಕ್ಕೆ ಅಡ್ಡಿ ಎನ್ನುವವರು ಗಾಜಿನ ಹೊರಗೆ 3 ಮಿ.ಮೀ. ದಪ್ಪದ ನೈಲಾನ್ ಹಗ್ಗಗಳನ್ನು 10 ಸೆಂ.ಮೀ.ಗೊಂದರಂತೆ ಮೇಲಿನಿಂದ ಇಳಿಬಿಡಬಹುದು. ನಾಲ್ಕಡಿ ಅಗಲಕ್ಕೆ ಹದಿಮೂರು ಹಗ್ಗ. ಆಷಾಢದ ಗಾಳಿಗೆ ಸಿಕ್ಕಾಗದಂತೆ ಕೆಳತುದಿಗಳನ್ನು ಅಡ್ಡತಂತಿಗೆ ಕಟ್ಟಿ. ನೀರಿನ ತಟ್ಟೆ, ಕಾಳಿನ ತಟ್ಟೆ ಇಡುವುದಾದರೆ ಗಾಜಿಗೆ ಒಂದು ಮೀಟರಿನೊಳಗೆ ಇಡಿ, ಇಲ್ಲವೇ ಹತ್ತು ಮೀಟರ್ ದೂರ. ಮೂರು ನಾಲ್ಕು ಮೀಟರ್ ಅಂತರವೇ ಅಪಾಯ, ಬೆದರಿ ಹಾರಿದ ಹಕ್ಕಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಗಾಜು ಎದುರಾಗಿರುತ್ತದೆ.

ಬಡಿದು ಬಿದ್ದ ಹಕ್ಕಿಯ ಬಾಯಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗಿ ಅದೇ ಕೊಲ್ಲುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಬೆಕ್ಕಿಗೆ ಸಿಗದ ಕಡೆ ಇಡಿ. ಒಂದೆರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಹೊರಗೆ ಒಯ್ದು ತೆರೆಯಿರಿ. ಹಾರದಿದ್ದರೆ, ರೆಕ್ಕೆ ಜೋತಿದ್ದರೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ಒಪ್ಪಿಸಿ.

ಹೊಸದಾಗಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಹಾಕಿಸುವವರಿಗೊಂದು ಮಾತು. ಜಾರುವ ಕಿಟಕಿಯ ಮೆಶ್ಶನ್ನು ಗಾಜಿನ ಹೊರಗಿನ ಹಳಿಗೆ ಕೂರಿಸಿಕೊಡಿ ಎಂದು ಆರ್ಡರ್ ಕೊಡುವಾಗಲೇ ಹೇಳಿ. ಮೆಶ್ ಎಳೆದಿರುವಷ್ಟು ಭಾಗದಲ್ಲಿ ಬಿಂಬ ಮಸುಕಾಗುತ್ತದೆ, ಬಡಿದ ಹಕ್ಕಿಗೂ ಪೆಟ್ಟು ಕಡಿಮೆ. ಫ್ರೇಮ್ ಕೂರಿಸಿದ ಮೇಲೆ ಹಳಿ ಬದಲಿಸಲು ಬರುವುದಿಲ್ಲ.

– ಹಕ್ಕಿ ವೀಕ್ಷಕರು, ಚಿಕ್ಕಮಗಳೂರು